ತಿಕ್ಕಬ್ಯಾಡ್ರಪಾ, ತಿಕ್ಕಬ್ಯಾಡ್ರಿ!

ಇಲ್ಲಿ ಬರೆದು ಬಹಳ ದಿನ ಆಯ್ತು. ಒಂದು ರಿಲೀಸು ಮುಗೀತು ಅನ್ನೋವಷ್ಟರಲ್ಲಿ ಇನ್ನೊಂದು ರಿಲೀಸು, ಹಾಗಾಗಿ ಈ ಕಡೆ ತಲೆ ಹಾಕೋಕೂ ಆಗಿರಲಿಲ್ಲ. ಇವತ್ತು ಬರೀಲೇಬೇಕು ಅಂತ ಕೂತಿದ್ದೀನಿ. ಯಾಕಂದ್ರೆ ಸಿಟ್ಟು ಬಂದಿದೆ. ಯಾರ ಮೇಲೆ ಅಂತ ಕೇಳಿದರೆ ಅರ್ಧ ನಮ್ಮೂರ ಹುಡುಗರ ಮೇಲೆ, ಇನ್ನರ್ಧ ನನ್ನ ಮೇಲೇ.

ಮೊನ್ನೆ ಊರಿಗೆ ಹೋಗಿದ್ದೆ. ಊರು ಅಂದ್ರೆ ಕೊಡೇಕಲ್. ಕೊಡೇಕಲ್ ಬಸವಣ್ಣನ ಕಾಲಜ್ಞಾನದ ಬಗ್ಗೆ ಕೇಳಿದವರಿಗೆ ಬೇರೆ ಪರಿಚಯ ಬೇಡ. ಉಳಿದವರಿಗೆ ಹೇಳೋದಾದ್ರೆ ಯಾದಗಿರಿ ಜಿಲ್ಲೆ, ನಾನು ಶಾಲೆಗೆ ಹೋಗುವಾಗ ಸುರಪುರ ತಾಲ್ಲೂಕು, ಈಗ ಹುಣಸಗಿ ತಾಲ್ಲೂಕು, ನಾರಾಯಣಪುರ ಡ್ಯಾಮಿನ ಹತ್ತಿರ. ಮನೆಗೆ ಹೋಗಿ ಕೈಕಾಲು ತೊಳೆದು ಚಹಾ ಕುಡಿಯೋದರೊಳಗೆ ಕಾಕಾನ ಮಗ ಒಂದು ಸ್ಟೀಲಿನ ತಾಟು ಹಿಡಕೊಂಡು ಬಂದ. ಡಿಪ್ಲೊಮಾ ಓದ್ತಾನೆ, ಚುರುಕು ಹುಡುಗ. ಇಬ್ಬರು ಗೆಳೆಯರ ಜೊತೆ ರೊಕ್ಕ ಕೂಡಿಸಿ ಆನ್‌ಲೈನಿನಲ್ಲಿ ಒಂದು ಮೆಟಲ್ ಡಿಟೆಕ್ಟರ್ ತರಿಸಿದ್ದಾನಂತೆ. ಮಳೆ ಬಂದು ಹೋದ ಮೇಲೆ ಹೊಲದ ಬದು, ಕೆನಾಲಿನ ಮಣ್ಣಿನ ದಿಬ್ಬ ಅಂತ ಸುತ್ತಾಡಿ ಏನೇನೋ ಹೆಕ್ಕಿ ತಂದಿದ್ದಾರೆ.

"ಅಣ್ಣಾ, ನೋಡಿಲ್ಲಿ. ಹ್ಯಾಂಗ ಮಿಂಚಾಕತ್ತಾವ!"

ತಾಟಿನೊಳಗೆ ಹದಿನಾಲ್ಕು ತಾಮ್ರದ ಬಿಲ್ಲೆ ಇದ್ದವು. ಒಂದೊಂದೂ ಹೊಸ ವೈರಿನ ತಾಮ್ರದ ಹಾಗೆ ಕೆಂಪಗೆ ಥಳಥಳ. ಕೈಗೆ ತಗೊಂಡು ತಿರುಗಿಸಿ ನೋಡಿದೆ. ಒಂದರ ಮೇಲೂ ಒಂದಕ್ಷರ ಇಲ್ಲ. ಅಲ್ಲಲ್ಲಿ ಸಣ್ಣ ಸಣ್ಣ ಗುಂಡಿ ಬಿದ್ದ ಬೋಳು ತಾಮ್ರ, ಅಷ್ಟೇ. ಒಂದರ ಅಂಚಿನಲ್ಲಿ ಮಾತ್ರ ಮೂರು ಗೀಟು ಉಳಿದಿತ್ತು. ಫಾರ್ಸಿ ಅಕ್ಷರದ ಬಾಲ ಇದ್ದರೂ ಇರಬಹುದು. ಬಹಮನಿಯದೋ, ಆದಿಲಶಾಹಿಯದೋ, ನಿಜಾಮನದೋ, ಇನ್ನು ಯಾರೂ ಹೇಳೋಕಾಗಲ್ಲ.

"ಏನ್ ಹಚ್ಚಿದ್ಯೋ ಇವಕ್ಕ?"

"ಸಂಡಾಸ್ ತೊಳಿಯೋ ಆಸಿಡ್ ಅಣ್ಣ. ಐದು ನಿಮಿಷ ಸಾಕು, ಬುರ್ರಂತ ನೊರಿ ಬಂದು ಹಸರೆಲ್ಲ ಹೋಗ್ತದ. ಆಮ್ಯಾಗ ಪೀತಾಂಬರಿ ಹಾಕಿ ತಿಕ್ಕೂದು. ವಿಡಿಯೋದಾಗ ಹಂಗs ಮಾಡ್ತಾರ."

ನನಗೆ ಬೈಯೋಕೆ ಬಾಯಿ ಬರಲಿಲ್ಲ. ಯಾಕಂದ್ರೆ ಈ ಪಾಪವನ್ನ ನಮ್ಮನೆಯಲ್ಲಿ ಮೊದಲು ಮಾಡಿದವನು ನಾನೇ.

ನಮ್ಮ ಮುತ್ಯಾನ ಎಲಿ-ಅಡಿಕಿ ಸಂಚಿಯಲ್ಲಿ ಒಂದು ಗುಂಡಿ ಇರ್ತಿತ್ತು. ಗುಂಡಿ ಅಂದ್ರೆ ಅಂಗಿ ಗುಂಡಿ, ಹಿತ್ತಾಳೆಯದು, ಸ್ವಲ್ಪ ಉಬ್ಬಿದ್ದು, ಹಿಂದೆ ದಾರ ಪೋಣಿಸೋಕೆ ಒಂದು ಕೊಂಡಿ. ಅವರು ಹುಡುಗ ಇದ್ದಾಗ ಹೊಲದಲ್ಲಿ ಕುಂಟಿ ಹೊಡೆಯುವಾಗ ಸಿಕ್ಕಿದ್ದಂತೆ. ಪೂರ್ತಿ ಹಸಿರು ಕಿಲುಬು ಕಟ್ಟಿತ್ತು. "ಇದು ಸಿಪಾಯಿದು ಐತಿ, ಮ್ಯಾಲೆ ಅಂಕಿ ಅದಾವ ನೋಡು" ಅಂತ ಬಿಸಿಲಿಗೆ ಓರೆಯಾಗಿ ಹಿಡಿದು ತೋರಿಸ್ತಿದ್ದರು. ನನಗೂ ಒಂದು ವರ್ತುಲ, ಅದರೊಳಗೆ ಏನೋ ಗೀಟು ಕಂಡ ನೆನಪು. ನಾನು ಪಿಯುಸಿ ಸೈನ್ಸ್ ಓದ್ತಿದ್ದಾಗ, ಕೆಮಿಸ್ಟ್ರಿ ಎಲ್ಲಾ ಗೊತ್ತು ಅನ್ನೋ ಧಿಮಾಕಿನಲ್ಲಿ, ಅವರಿಗೊಂದು ಸರ್‌ಪ್ರೈಸ್ ಕೊಡೋಣ ಅಂತ ಆ ಗುಂಡಿಯನ್ನ ರಾತ್ರಿಯಿಡೀ ಹುಣಸೆಹಣ್ಣು, ಉಪ್ಪಿನ ನೀರಲ್ಲಿ ನೆನೆಹಾಕಿದೆ. ಬೆಳಿಗ್ಗೆ ಇಟ್ಟಂಗಿ ಪುಡಿ ಹಾಕಿ ತಿಕ್ಕಿದೆ. ಹಿಂದಿನ ಕೊಂಡಿಯಲ್ಲಿ ಗಟ್ಟಿಯಾಗಿ ಹಸಿರುಗಟ್ಟಿದ ಒಂದು ಎಳೆ ಸಿಕ್ಕಿಹಾಕಿಕೊಂಡಿತ್ತು, ಅದನ್ನ ಪಿನ್ನಿನಿಂದ ಕಿತ್ತು ಬಚ್ಚಲಿಗೆ ಹಾಕಿದೆ.

ಗುಂಡಿ ಹೊಳೀತು. ಅಲ್ಲಲ್ಲಿ ಗುಲಾಬಿ ಬಣ್ಣದ ಮಚ್ಚೆ ಬಿದ್ದಿತ್ತು. ಅಂಕಿ ಇರಲಿಲ್ಲ.

ಮುತ್ಯಾ ಕೈಯಲ್ಲಿ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದರು. "ಚಲೋ ಮಾಡಿದಿ ತಮ್ಮಾ" ಅಂದರು. ಆಮೇಲೆ ಅದನ್ನ ಸಂಚಿಗೆ ವಾಪಸ್ ಹಾಕಿಕೊಳ್ಳಲಿಲ್ಲ. ಮಾಡಿನೊಳಗೆ ಇಟ್ಟರು. ಅವರು ಹೋದ ಮೇಲೆ ಅದು ಅಲ್ಲೇ ಇತ್ತು, ಈಗ ಬೆಂಗಳೂರಲ್ಲಿ ನನ್ನ ಟೇಬಲ್ಲಿನ ಮೇಲಿದೆ.

ಈಗ ವಿಷಯಕ್ಕೆ ಬರ್ತೀನಿ. ಕಿಲುಬು ಅಂದ್ರೆ ಕೊಳೆ ಅಲ್ಲ. ಇದನ್ನ ನಾನು ಎಷ್ಟು ಸಲ ಬೇಕಾದ್ರೂ ಹೇಳ್ತೀನಿ. ಕೊಳೆ ಹೊರಗಿನಿಂದ ಬಂದು ಅಂಟಿಕೊಳ್ಳೋದು, ತೊಳೆದರೆ ಒಳಗಿನ ವಸ್ತು ಹಾಗೇ ಇರುತ್ತೆ. ಕಿಲುಬು ಹಾಗಲ್ಲ, ಅದು ಆ ನಾಣ್ಯವೇ. ನಾಣ್ಯದ ತಾಮ್ರವೇ ಮಣ್ಣಿನ ನೀರು, ಗಾಳಿ, ಉಪ್ಪಿನ ಜೊತೆ ಸೇರಿ ರೂಪ ಬದಲಿಸಿದ್ದು. ಬರಿಯ ಲೋಹದ ಪಕ್ಕದಲ್ಲಿ ಕೆಂಪು ಪದರ, ಅದು ಕ್ಯೂಪ್ರೈಟ್. ಅದರ ಮೇಲೆ ಹಸಿರು, ಅದು ಮ್ಯಾಲಕೈಟ್. ಕೆಲವು ಕಡೆ ನೀಲಿ ಅಝುರೈಟ್. ನೂರಾರು ವರ್ಷ ನೆಲದಲ್ಲಿ ಇದ್ದ ನಾಣ್ಯದಲ್ಲಿ, ಟಂಕಸಾಲೆಯಲ್ಲಿ ಅಚ್ಚು ಬಿದ್ದಾಗಿನ ಮೂಲ ಮೇಲ್ಮೈ ಎಲ್ಲಿರುತ್ತೆ ಗೊತ್ತಾ? ಒಳಗಿನ ಲೋಹದ ಮೇಲಲ್ಲ! ಅದು ಈ ಪದರಗಳ ನಡುವೆ ಎಲ್ಲೋ ಇರುತ್ತೆ. ಒಳಗಿನ ಲೋಹ ಆಗಲೇ ಕರಗಿ ಹಿಂದೆ ಸರಿದಿರುತ್ತೆ, ಅಕ್ಷರದ ಆಕಾರವನ್ನ ಹಿಡಿದಿಟ್ಟುಕೊಂಡಿರೋದು ಆ ಕಿಲುಬಿನ ಪದರವೇ. ನೀವು ಆಸಿಡ್ ಹಾಕಿ ಲೋಹದವರೆಗೆ ಹೋದರೆ ಅಕ್ಷರದ ಮೇಲಿನ ಹೊದಿಕೆ ತೆಗೆದ ಹಾಗಲ್ಲ, ಅಕ್ಷರವನ್ನೇ ತೆಗೆದ ಹಾಗೆ.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಪ್ರೊಡಕ್ಷನ್ ಡೇಟಾಬೇಸಿನಲ್ಲಿ ವೇರ್ ಕ್ಲಾಸ್ ಇಲ್ಲದೆ ಡಿಲೀಟ್ ಹೊಡೆಯೋದು. ಬ್ಯಾಕಪ್ಪೂ ಇಲ್ಲ :-(

ಇಲ್ಲಿಗೆ ಮುಗಿಯಲ್ಲ. ಸಂಡಾಸಿನ ಆಸಿಡ್ ಅಂದ್ರೆ ಹೈಡ್ರೋಕ್ಲೋರಿಕ್ ಆಮ್ಲ, ಅದರಲ್ಲಿರೋದು ಕ್ಲೋರೈಡ್. ತಾಮ್ರಕ್ಕೆ ಕ್ಲೋರೈಡಿನಂಥ ಶತ್ರು ಇನ್ನೊಂದಿಲ್ಲ. ಗುಂಡಿಗುಂಡಿ ಬಿದ್ದ ಮೇಲ್ಮೈಯೊಳಗೆ ಅದು ಹೊಕ್ಕು ಕೂತರೆ ಮೇಲೆ ನೀರು ಸುರಿದು ತೊಳೆದಷ್ಟಕ್ಕೆ ಹೊರಗೆ ಬರಲ್ಲ. ಒಳಗೆ ಕ್ಯೂಪ್ರಸ್ ಕ್ಲೋರೈಡ್ ಆಗುತ್ತೆ. ಗಾಳಿಯಲ್ಲಿ ತೇವ ಸಿಕ್ಕ ಕೂಡಲೇ ಅದು ಒಡೆದು ತಿಳಿಹಸಿರು ಪುಡಿ ಉದುರಿಸುತ್ತೆ, ಜೊತೆಗೆ ಹೊಸದಾಗಿ ಆಮ್ಲ ಹುಟ್ಟಿಸುತ್ತೆ, ಆ ಆಮ್ಲ ಇನ್ನಷ್ಟು ತಾಮ್ರ ತಿನ್ನುತ್ತೆ. ಇದಕ್ಕೆ ಬ್ರಾಂಝ್ ಡಿಸೀಸ್ ಅಂತಾರೆ, ಕಂಚಿನ ರೋಗ. ರೋಗ ಅಂತ ಕರೆದರೂ ಇದರಲ್ಲಿ ಕ್ರಿಮಿಕೀಟ ಏನಿಲ್ಲ, ಬರೀ ರಸಾಯನ. ಅಂದ್ರೆ ನಮ್ಮ ಹುಡುಗರು ನಾಣ್ಯಕ್ಕೆ ಹೊಳಪಿನ ಜೊತೆಗೆ ರೋಗದ ಬೀಜವನ್ನೂ ಹಾಕಿದ್ದಾರೆ. ನಾನು ಹಾಕಿದ ಹುಣಸೆಹಣ್ಣು-ಉಪ್ಪಿನಲ್ಲೂ ಅದೇ ಕ್ಲೋರೈಡ್.

ಇದಕ್ಕೆ ನನ್ನ ಹತ್ತಿರವೇ ಸಾಕ್ಷಿ ಇದೆ. ಮುತ್ಯಾನ ತಂಬಾಕಿನ ಡಬ್ಬಿಯಲ್ಲಿ ಗುಂಡಿಯ ಜೊತೆ ಕೆಲವು ಕಾಸೂ ಇದ್ದವು, ಅವನ್ನ ನಾನು ತಿಕ್ಕಿರಲಿಲ್ಲ (ಪುಣ್ಯಕ್ಕೆ). ಕೊಡೇಕಲ್ಲಿನಲ್ಲಿ ಅಷ್ಟು ವರ್ಷ ಸುಮ್ಮನೆ ಬಿದ್ದಿದ್ದವು. ನಮ್ಮ ಕಡೆ ಬಿಸಿಲು ನಿಮಗೆ ಗೊತ್ತಲ್ಲ, ಗಾಳಿಯಲ್ಲಿ ತೇವ ಹುಡುಕಿದರೂ ಸಿಗಲ್ಲ. ಬೆಂಗಳೂರಿಗೆ ತಂದ ಮೇಲೆ ಒಂದೇ ಮಳೆಗಾಲದಲ್ಲಿ ಒಂದು ಕಾಸಿನ ಮೇಲೆ ಸುಣ್ಣದ ಹಾಗೆ ತಿಳಿಹಸಿರು ಚುಕ್ಕೆ ಎದ್ದವು. ಉಗುರು ತಾಗಿಸಿದರೆ ಪುಡಿಪುಡಿ. ಗಾಳಿಯ ತೇವ ಶೇಕಡಾ 40ರ ಕೆಳಗಿದ್ದರೆ ಈ ರೋಗ ಸುಮ್ಮನಿರುತ್ತೆ. ಬೆಂಗಳೂರಿನ ಮಳೆಗಾಲದಲ್ಲಿ ಅದು 80 ದಾಟೋದೇನೂ ದೊಡ್ಡದಲ್ಲ. ಊರಿಂದ ತಂದ ಹಳೆ ಕಾಸನ್ನ ಬೆಂಗಳೂರಿನ ಫ್ಲ್ಯಾಟಿನ ಶೋಕೇಸಿನಲ್ಲಿ ಇಟ್ಟ ನನ್ನಂಥವರು ಒಂದು ಸಲ ಎದ್ದು ಹೋಗಿ ನೋಡಿ.

"ಅಲ್ರೀ, ನಮ್ಮವ್ವ ದಿನಾ ತಾಮ್ರದ ತಂಬಿಗೆ ಹುಣಸೆಹಣ್ಣಲ್ಲೇ ತಿಕ್ತಾಳೆ, ಏನೂ ಆಗಿಲ್ಲ" ಅಂತ ಯಾರಾದ್ರೂ ಹೇಳ್ತೀರಿ ಅಂತ ಗೊತ್ತು. ತಂಬಿಗೆ ಗಟ್ಟಿ ತಗಡು, ದಿನಾ ತಿಕ್ಕೋದರಿಂದ ಅದರ ಮೇಲೆ ಕಿಲುಬು ಕಟ್ಟೋಕೆ ಹೊತ್ತೇ ಸಿಗಲ್ಲ, ಅದರ ಮೇಲೆ ಓದಬೇಕಾದ್ದೂ ಏನಿಲ್ಲ. ಸವೆದರೆ ಹೊಸದು ತರ್ತೀವಿ. ಹುಣಸೆಹಣ್ಣಿನ ಟಾರ್ಟಾರಿಕ್ ಆಮ್ಲ ಕಿಲುಬನ್ನ ಚೆನ್ನಾಗಿ ಕರಗಿಸುತ್ತೆ, ನಮ್ಮ ಅಜ್ಜಿಯರಿಗೆ ಅದು ಗೊತ್ತಿತ್ತು, ಅವರು ಜಾಣರು. ಆದ್ರೆ ಅವರು ಪಾತ್ರೆ ತಿಕ್ಕುತ್ತಿದ್ದರು, ಶಾಸನ ತಿಕ್ಕುತ್ತಿರಲಿಲ್ಲ. ಹಿತ್ತಾಳೆಗಂತೂ ಇನ್ನೊಂದು ಕಷ್ಟ ಇದೆ. ಹಿತ್ತಾಳೆ ಅಂದ್ರೆ ತಾಮ್ರ ಮತ್ತು ಸತು. ಆಮ್ಲದಲ್ಲಿ ಬಹಳ ಹೊತ್ತು ಇಟ್ಟರೆ ಮೇಲ್ಮೈಯಿಂದ ಸತು ಮೊದಲು ಎದ್ದು ಹೋಗುತ್ತೆ, ಕರಗಿದ ತಾಮ್ರವೂ ಮತ್ತೆ ಬಂದು ಮೇಲೆ ಕೂರುತ್ತೆ. ನನ್ನ ಗುಂಡಿಯ ಮೇಲಿನ ಆ ಗುಲಾಬಿ ಮಚ್ಚೆ ಅದೇ. ಹಳೆ ಗುಂಡಿಗಳಲ್ಲಿ ಕೆಲವಕ್ಕೆ ಚಿನ್ನದ ತೆಳು ಮುಲಾಮು ಇರುತ್ತೆ, ಕೆಳಗಿನ ಲೋಹ ಕರಗಿದರೆ ಮೇಲಿನ ಚಿನ್ನ ಈರುಳ್ಳಿ ಸಿಪ್ಪೆ ಹಾಗೆ ಎದ್ದು ಬರುತ್ತೆ.

ಆಸಿಡ್ ಬೇಡ ಅಂದ್ರೆ ಮೊಬೈಲ್ ಚಾರ್ಜರ್ ವೈರು ಕತ್ತರಿಸಿ ಉಪ್ಪು ನೀರಲ್ಲಿ ಕರೆಂಟು ಹರಿಸೋರು ಇದ್ದಾರೆ (ಇವರು ಸಾಮಾನ್ಯವಾಗಿ ನಮ್ಮ ಜಾತಿಯವರೇ, ಇಂಜಿನಿಯರುಗಳು). ಅದು ಕಿಲುಬನ್ನ ಪದರ ಪದರವಾಗಿ ಎಬ್ಬಿಸಿ ಹಾಕುತ್ತೆ, ಮೂಲ ಮೇಲ್ಮೈಯೂ ಅದರ ಜೊತೆಗೇ ಹೋಗುತ್ತೆ. ಕುಸುಬಿ ಎಣ್ಣೆಯಲ್ಲಿ ತಿಂಗಳುಗಟ್ಟಲೆ ಮುಳುಗಿಸಿ ಇಡೋರೂ ಇದ್ದಾರೆ. ಕುಸುಬಿ ಎಣ್ಣೆ ಒಣಗಿದರೆ ಅಂಟು ಆಗುತ್ತೆ, ಬಣ್ಣದ ಕಂಪನಿಯವರು ಅದನ್ನ ಬಳಸೋದೇ ಅದಕ್ಕೆ. ಎಣ್ಣೆಯಲ್ಲಿರೋ ಆಮ್ಲ ನಿಧಾನಕ್ಕೆ ತನ್ನ ಕೆಲಸ ಮಾಡುತ್ತೆ, ಮೇಲೆ ಧೂಳು ಕೂತು ಗಸಿಯಾಗುತ್ತೆ.

ಇಷ್ಟೆಲ್ಲಾ ಒಂದು ಕಿಲುಬು ಹಿಡಿದ ಕಾಸಿಗೆ ಯಾಕೆ ಅಂದ್ರೆ, ನಮ್ಮ ಊರಿನ ನೆಲ ಎಂಥದ್ದು ಅಂತ ಸ್ವಲ್ಪ ಹೇಳ್ತೀನಿ ಕೇಳಿ.

1705ರಲ್ಲಿ ಔರಂಗಜೇಬ ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ನಮ್ಮ ವಾಗಣಗೇರಾ ಕೋಟೆ ಮೇಲೆ. ಬೇಡ ನಾಯಕರ ಕೋಟೆ ಅದು. ಗೆದ್ದ ಮೇಲೆ ಕಾಯಿಲೆ ಬಿದ್ದು ತಿಂಗಳುಗಟ್ಟಲೆ ದೇವಾಪುರದಲ್ಲಿ ಠಾಣೆ ಹೂಡಿದ. ಅಷ್ಟು ದೊಡ್ಡ ದಂಡು ಈ ನೆಲದ ಮೇಲೆ ಉಂಡು, ಮಲಗಿ, ಸಂತೆ ಮಾಡಿ, ರೊಕ್ಕ ಬೀಳಿಸಿಕೊಂಡು ಹೋಗಿದೆ. 1858ರ ಫೆಬ್ರವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕನ ಮೇಲೆ ಬ್ರಿಟಿಷರು ಎರಡು ಕಡೆಯಿಂದ ಸೈನ್ಯ ತಂದರು. ಅರಸ ಸೆರೆಯಾದ, ಅದೇ ವರ್ಷ ಗುಂಡು ತಗುಲಿ ಸತ್ತ. 1860ರಲ್ಲಿ ಸಂಸ್ಥಾನ ನಿಜಾಮನ ಪಾಲಾಯ್ತು. 1948ರ ಸೆಪ್ಟೆಂಬರಿನ ತನಕ ನಾವು ನಿಜಾಮನ ಪ್ರಜೆಗಳು. ಆ ತೊಂಬತ್ತು ವರ್ಷದಲ್ಲಿ ಈ ಸೀಮೆಯಲ್ಲಿ ಎಷ್ಟು ಬಗೆಯ ಸಿಪಾಯಿ, ಪೊಲೀಸು, ಜವಾನ ಓಡಾಡಿರಬೇಕು! ಎಲ್ಲರ ಅಂಗಿಗೂ ಗುಂಡಿ ಇತ್ತು.

ಈಗ ನನ್ನ ಗುಂಡಿಯ ಕಥೆ ಕೇಳಿ. ಬ್ರಿಟಿಷ್ ಪದಾತಿ ದಳದ ಸಾಮಾನ್ಯ ಸಿಪಾಯಿಗಳ ಗುಂಡಿ 1855ರವರೆಗೆ ತವರದ ಮಿಶ್ರಲೋಹದ್ದು, ಆಮೇಲೆ ಹಿತ್ತಾಳೆಗೆ ಬಂತು. ಅದರ ಮೇಲೆ ಆಯಾ ರೆಜಿಮೆಂಟಿನ ಅಂಕಿ ಇರ್ತಿತ್ತು. 1871ರಲ್ಲಿ ಅಂಕಿ ತೆಗೆದು ಎಲ್ಲರಿಗೂ ರಾಜಲಾಂಛನದ ಒಂದೇ ನಮೂನೆ ಮಾಡಿದರು. ಅಂದ್ರೆ ಅಂಕಿ ಇರೋ ಸಿಪಾಯಿಯ ಹಿತ್ತಾಳೆ ಗುಂಡಿ ಸಿಕ್ಕರೆ ಅದು ಹೆಚ್ಚೂಕಡಿಮೆ 1855 ಮತ್ತು 1871ರ ನಡುವಿನದ್ದು. 1858 ಸರಿಯಾಗಿ ಅದರ ನಡುವೆ ಬರುತ್ತೆ. ಮುತ್ಯಾನ ಗುಂಡಿ ಆ ವರ್ಷದ್ದು ಅಂತ ನಾನು ಹೇಳ್ತಾ ಇಲ್ಲ. ಅದು ನಿಜಾಮನ ಪೊಲೀಸಿನದ್ದಿರಬಹುದು, ಯಾವುದೋ ಬ್ಯಾಂಡಿನವನದ್ದಿರಬಹುದು. ಎರಡಂಕಿ ಓದಿದ್ದರೆ ಗೊತ್ತಾಗ್ತಿತ್ತು. ಆ ಎರಡಂಕಿಯನ್ನ ಇಟ್ಟಂಗಿ ಪುಡಿ ಹಾಕಿ ಉಜ್ಜಿದ್ದು ನಾನು.

ಆ ಹಸಿರುಗಟ್ಟಿದ ಎಳೆ ಇತ್ತಲ್ಲ, ಅದರದ್ದು ಇನ್ನೂ ದೊಡ್ಡ ನೋವು. ತಾಮ್ರದ ಲವಣ ಕ್ರಿಮಿಗಳನ್ನ ಹತ್ತಿರ ಬಿಡಲ್ಲ. ಹಾಗಾಗಿ ಮಣ್ಣಿನಲ್ಲಿ ಕೊಳೆತು ಹೋಗಬೇಕಾದ ದಾರ, ಬಟ್ಟೆ, ತೊಗಲು ತಾಮ್ರಕ್ಕೆ ತಾಗಿಕೊಂಡಿದ್ದರೆ ಉಳಿದುಬಿಡುತ್ತೆ. ಮೈಕ್ರೋಸ್ಕೋಪಿನ ಕೆಳಗೆ ಇಟ್ಟರೆ ಅದು ಹತ್ತಿಯೋ, ಉಣ್ಣೆಯೋ, ಹೇಗೆ ಹೊಸೆದಿದ್ದಾರೆ ಎಲ್ಲಾ ಕಾಣುತ್ತೆ. ಆ ಮನುಷ್ಯನ ಅಂಗಿಯ ದಾರ ಅದು. ನೂರು ವರ್ಷಕ್ಕೂ ಹೆಚ್ಚು ಕೊಡೇಕಲ್ಲಿನ ಮಣ್ಣಲ್ಲಿ ಉಳಿದು ಬಂದದ್ದು ನಮ್ಮನೆ ಬಚ್ಚಲಲ್ಲಿ ಹೋಯ್ತು.

ನಮ್ಮ ತಾಂಡಾಗಳ ಕಡೆ ನೋಡಿದರೂ ಇದೇ ಕಥೆ. ಲಂಬಾಣಿ ಅಮ್ಮಂದಿರ ಹಳೆ ಉಡುಪಿನಲ್ಲಿ ಕನ್ನಡಿ, ಕವಡೆ ಜೊತೆ ನಾಣ್ಯ, ಗುಂಡಿ ಪೋಣಿಸಿರುತ್ತಾರೆ. ಒಂದೊಂದು ಉಡುಪು ಒಂದೊಂದು ಸಣ್ಣ ಮ್ಯೂಸಿಯಂ. ಮಾರೋಕೆ ಅಂತ ಬಂದಾಗ ವ್ಯಾಪಾರಿ ಮೊದಲು ಮಾಡೋದು ನಾಣ್ಯ ಬಿಚ್ಚಿ ಆಸಿಡ್ಡಿಗೆ ಅದ್ದೋದು. ಬಟ್ಟೆ ಒಂದು ಕಡೆ, ನಾಣ್ಯ ಒಂದು ಕಡೆ, ಯಾವ ಕೈ ಹೊಲಿದಿತ್ತು ಅನ್ನೋದು ಯಾರಿಗೂ ಬೇಡ.

ಹವ್ಯಾಸಿಗಳನ್ನ ಬೈಯೋದು ನನ್ನ ಉದ್ದೇಶ ಅಲ್ಲ. ಅದನ್ನ ಸ್ಪಷ್ಟ ಮಾಡ್ತೀನಿ. ನಮ್ಮ ಸೀಮೆಯ ಇತಿಹಾಸವನ್ನ ಎತ್ತಿ ತೋರಿಸಿದವರಲ್ಲಿ ಹವ್ಯಾಸಿಗಳೇ ಬಹಳ ಜನ. ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಪುರಾತತ್ವ ಓದಿದವನಲ್ಲ, ಆದರೂ ನಮ್ಮ ಪಕ್ಕದ ರಾಜನಕೋಳೂರಿನ ಕಲ್ಲುಮನೆಗಳನ್ನ 1850ರ ದಶಕದಲ್ಲೇ ಅಳತೆ ಮಾಡಿ, ಚಿತ್ರ ಬರೆದು ದಾಖಲಿಸಿದ. ಅಶೋಕ ಅನ್ನೋ ಹೆಸರಿರೋ ಮಸ್ಕಿ ಶಾಸನ 1915ರಲ್ಲಿ ಬೆಳಕಿಗೆ ಬಂದದ್ದು ಬೀಡನ್ ಅನ್ನೋ ಗಣಿ ಇಂಜಿನಿಯರಿನಿಂದ. ಚಿನ್ನ ಹುಡುಕೋಕೆ ಹೋದವನು. (ಇಂಜಿನಿಯರುಗಳು ಒಳ್ಳೆಯದನ್ನೂ ಮಾಡ್ತಾರೆ ಅನ್ನೋದಕ್ಕೆ ನನಗೆ ಸಿಕ್ಕ ಆಧಾರ ಇದೊಂದೇ :-)) ಅವನು ಆ ಬಂಡೆಯನ್ನ ವೈರ್ ಬ್ರಷ್ ಹಾಕಿ ಉಜ್ಜಿದ್ದರೆ?

ಉಲ್ಟಾ ಉದಾಹರಣೆಯೂ ನಮ್ಮಲ್ಲೇ ಇದೆ. ಸನ್ನತಿಯಲ್ಲಿ 1986ರಲ್ಲಿ ಕಾಳಿ ಗುಡಿಯ ಮಾಳಿಗೆ ಕುಸಿದಾಗ ಮೂರ್ತಿಯ ಪೀಠದ ಕಲ್ಲೇ ಅಶೋಕನ ಶಾಸನ ಅಂತ ಗೊತ್ತಾಯ್ತು. ಮೂರ್ತಿ ಕೂರಿಸೋಕೆ ಅಂತ ಯಾರೋ ಆ ಕಲ್ಲಿನ ನಡುವೆ ತೂತು ಕೊರೆದಿದ್ದರು. ಆ ತೂತಿನಲ್ಲಿ ಎಷ್ಟು ಅಕ್ಷರ ಹೋಯ್ತೋ ಅಷ್ಟು ಹೋಯ್ತು. ಕೊರೆದವನಿಗೆ ಅದು ಶಾಸನ ಅಂತ ಗೊತ್ತಿರಲಿಲ್ಲ, ಭಕ್ತಿಯಿಂದಲೇ ಮಾಡಿದ. ನಮಗೆ ಆ ನೆಪ ಇಲ್ಲ, ನಾವು ಓದಿದವರು.

ಕೊಡೇಕಲ್ಲಿನದ್ದೇ ಇನ್ನೊಂದು ಹೇಳ್ತೀನಿ. ನಮ್ಮೂರ ಬೂದಿದಿಬ್ಬವನ್ನ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1960ರ ದಶಕದಲ್ಲಿ ಅಗೆದು ನೋಡಿದರು. ಊರವರಿಗೆ ಅದು ಬರೀ ಬೂದಿ. ಅವರು ಅದರಿಂದ ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಇಲ್ಲಿ ದನ ಸಾಕಿದ ಜನರ ಬದುಕನ್ನ ಓದಿದರು. ಸುಟ್ಟ ಸಗಣಿಯ ಬೂದಿಯಿಂದ! ಒಬ್ಬರು ನಮ್ಮೂರ ಸಗಣಿ ಬೂದಿಯನ್ನೇ ಇಷ್ಟು ಮರ್ಯಾದೆಯಿಂದ ಓದಿರುವಾಗ, ನಾವು ಅಕ್ಷರ ಇರೋ ತಾಮ್ರವನ್ನ ಸಂಡಾಸಿನ ಆಸಿಡ್ಡಿಗೆ ಹಾಕ್ತೀವಿ.

ಕಾಕಾನ ಮಗನ ವಾದಗಳನ್ನೂ ಹೇಳಿಬಿಡ್ತೀನಿ, ಅವನಿಗೆ ಅನ್ಯಾಯ ಆಗಬಾರದು. ಮೊದಲನೆಯದು, "ತೊಳಿಲಿಲ್ಲಂದ್ರ ಓದೂದು ಹ್ಯಾಂಗ?" ನ್ಯಾಯವಾದ ಪ್ರಶ್ನೆ. ಉತ್ತರ: ಬೆಳಕು. ನಾಣ್ಯವನ್ನ ಮೇಜಿನ ಮೇಲಿಟ್ಟು ಕತ್ತಲು ಮಾಡಿ ಮೊಬೈಲ್ ಟಾರ್ಚನ್ನ ಪಕ್ಕದಿಂದ, ನೆಲಕ್ಕೆ ತಾಗೋ ಹಾಗೆ ಓರೆಯಾಗಿ ಹಿಡಿದು ನೋಡಿ. ಕಣ್ಣಿಗೆ ಕಾಣದ ಉಬ್ಬುತಗ್ಗು ನೆರಳಾಗಿ ಎದ್ದು ಬರುತ್ತೆ. ಮುತ್ಯಾ ಬಿಸಿಲಿಗೆ ಓರೆಯಾಗಿ ಹಿಡಿದು ತೋರಿಸ್ತಿದ್ದದ್ದು ಇದನ್ನೇ, ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕ್ಯಾಮೆರಾ ಅಲುಗಾಡದ ಹಾಗೆ ಮೇಲಿಟ್ಟು, ಬೆಳಕನ್ನ ಸುತ್ತಲೂ ಬೇರೆ ಬೇರೆ ಕೋನದಿಂದ ಹಾಯಿಸಿ ನಲವತ್ತು ಐವತ್ತು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಕೂಡಿಸಿದರೆ, ಬೇಕಾದ ದಿಕ್ಕಿನಿಂದ ಬೆಳಕು ಬಿಟ್ಟು ನೋಡಬಹುದು. ಇದರ ಮೂಲ ತಂತ್ರವನ್ನ 2001ರಲ್ಲಿ ಎಚ್‌ಪಿ ಲ್ಯಾಬಿನ ಟಾಮ್ ಮಾಲ್ಝ್‌ಬೆಂಡರ್ ತಂಡ ಪ್ರಕಟಿಸಿತ್ತು, ಈಗ ಪುಕ್ಕಟೆ ಸಾಫ್ಟ್‌ವೇರೇ ಸಿಗುತ್ತೆ. ಬ್ಲಾಗ್ ಬರೆಯೋರಲ್ಲಿ ಅರ್ಧ ಜನ ಸಾಫ್ಟ್‌ವೇರಿನವರೇ ಇದ್ದೀವಿ. ಒಂದು ಶನಿವಾರ ಸಾಕು.

ಎರಡನೆಯದು, "ಹೊಳದ್ರ ರೇಟ್ ಜಾಸ್ತಿ." ಇದು ಶುದ್ಧ ಸುಳ್ಳು. ನಾಣ್ಯ ಸಂಗ್ರಹ ಮಾಡೋರಲ್ಲಿ ಯಾರನ್ನ ಬೇಕಾದರೂ ಕೇಳಿ, ತಿಕ್ಕಿದ ನಾಣ್ಯ ಅಂದ ಕೂಡಲೇ ಬೆಲೆ ಬಿತ್ತು. ಇನ್ನು "ಹಳೆ ನಾಣ್ಯಕ್ಕೆ ಲಕ್ಷ ಲಕ್ಷ" ಅಂತ ಮೆಸೇಜು ಬರುತ್ತಲ್ಲ, ಅದರ ಬಗ್ಗೆ ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಕೆ ಕೊಟ್ಟಿದೆ. ಕಮಿಷನ್ನು, ಟ್ಯಾಕ್ಸು ಅಂತ ನಿಮ್ಮಿಂದಲೇ ರೊಕ್ಕ ಕಿತ್ತುಕೊಳ್ಳೋ ದಂಧೆ ಅದು.

ಮೂರನೆಯದು ಸ್ವಲ್ಪ ಚುಚ್ಚಿತು. "ಸರಕಾರಕ್ಕ ಕೊಟ್ರ ಏನ್ ಮಾಡ್ತಾರಣ್ಣ? ಕಪಾಟಿನ್ಯಾಗ ಒಗದು ಕೀಲಿ ಹಾಕ್ತಾರ." ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ನಾನೇ ಒಂದು ಸಲ ಆ ಕಾಸುಗಳ ಫೋಟೋ ಹಿಡಿದು ಒಂದು ಕಚೇರಿಗೆ ಹೋಗಿದ್ದೆ. ಅಲ್ಲಿದ್ದವರು "ಬಂಗಾರ ಏನಾದ್ರೂ ಐತೇನು?" ಅಂತ ಕೇಳಿದರು. ಇಲ್ಲ ಅಂದೆ. "ಮತ್ತ್ಯಾಕ ಬಂದಿ" ಅಂದರು. ಸಿಟ್ಟು ಬಂದಿತ್ತು. ಈಗಲೂ ಇದೆ. ಸಾವಿರಾರು ವರ್ಷದ ಇತಿಹಾಸ ಇರೋ ಸೀಮೆಯ ಹುಡುಗ ಒಂದು ಕಾಸು ತಂದು ತೋರಿಸಿದರೆ "ಕೂಡ್ರು ತಮ್ಮಾ, ಎಲ್ಲಿ ಸಿಕ್ತು?" ಅಂತ ಕೇಳೋ ಒಬ್ಬ ಮನುಷ್ಯ ತಾಲ್ಲೂಕಿಗೊಬ್ಬನಾದರೂ ಬೇಕು. ಅದು ಇಲ್ಲದೇ ಇರೋದು ಹುಡುಗರ ತಪ್ಪಲ್ಲ. ಆದ್ರೆ ಕಪಾಟಿನಲ್ಲಿ ಕೀಲಿ ಹಾಕಿಟ್ಟ ಕಾಸನ್ನ ಐವತ್ತು ವರ್ಷದ ಮೇಲಾದರೂ ಯಾರೋ ಒಬ್ಬ ತೆಗೆದು ಓದಬಹುದು. ಆಸಿಡ್ಡಿಗೆ ಹಾಕಿದ್ದನ್ನ ಯಾರು ಓದ್ತಾರೆ?

ಕಾನೂನಿನ ಮಾತೂ ಬರಲೇಬೇಕು. ನೆಲದಲ್ಲಿ ಸಿಕ್ಕ ನಿಧಿಯನ್ನ ಅಧಿಕಾರಿಗಳಿಗೆ ತಿಳಿಸಬೇಕು ಅನ್ನೋ ಕಾಯ್ದೆ ಬ್ರಿಟಿಷರು 1878ರಲ್ಲೇ ಮಾಡಿದ್ದು, ನಮ್ಮ ರಾಜ್ಯದ್ದು 1962ರ ಕಾಯ್ದೆ ಇದೆ. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪ್ರಾಚ್ಯವಸ್ತುವೇ, ದೇಶದ ಹೊರಗೆ ಸಾಗಿಸೋ ಹಾಗಿಲ್ಲ. ರಕ್ಷಿತ ಸ್ಮಾರಕದ ಜಾಗದಲ್ಲಿ ಡಿಟೆಕ್ಟರ್ ಹಿಡಿದು ಅಗೆಯೋಕೆ ಹೋದರೆ ನೇರ ಪೊಲೀಸ್ ಸ್ಟೇಷನ್. ಗುಡಿಯ ಬಸವಣ್ಣನನ್ನೇ ಕಿತ್ತು ಕೆಳಗೆ ತೋಡೋ ನಿಧಿಗಳ್ಳರಿಗೂ, ಹೊಲದ ಬದುವಿನಲ್ಲಿ ಕಾಸು ಹೆಕ್ಕೋ ಹುಡುಗರಿಗೂ ವ್ಯತ್ಯಾಸ ಇದೆ ಅಂತ ನಾನು ನಂಬ್ತೀನಿ. ಆ ವ್ಯತ್ಯಾಸವನ್ನ ಹುಡುಗರೇ ಉಳಿಸಿಕೊಳ್ಳಬೇಕು. ಎಲ್ಲಿ ಸಿಕ್ತು ಅಂತ ಬರೆದಿಟ್ಟವನು ಹವ್ಯಾಸಿ, ಎಲ್ಲಿ ಸಿಕ್ತು ಅಂತ ಬಚ್ಚಿಟ್ಟವನು ಕಳ್ಳ.

ಹಾಗಾದ್ರೆ ಸಿಕ್ಕಾಗ ಏನು ಮಾಡಬೇಕು? ಬಹಳ ಕಮ್ಮಿ. ಮೊದಲು ಸಿಕ್ಕ ಜಾಗದಲ್ಲೇ ಫೋಟೋ, ಮೊಬೈಲಿನ ಲೊಕೇಶನ್, ಎಷ್ಟು ಆಳ, ಪಕ್ಕದಲ್ಲಿ ಏನಿತ್ತು. ಇದು ಎಲ್ಲಕ್ಕಿಂತ ಮುಖ್ಯ, ಇದಿಲ್ಲದ ನಾಣ್ಯ ವಿಳಾಸ ಹರಿದ ಕಾಗದ. ಮನೆಗೆ ತಂದು ನೆರಳಲ್ಲಿ ಒಣಗಿಸಿ. ಮೆತ್ತನೆ ಬ್ರಷ್ಷಿನಲ್ಲಿ ಸಡಿಲ ಮಣ್ಣು ಮಾತ್ರ ಝಾಡಿಸಿ. ಗಟ್ಟಿ ಮಣ್ಣಿದ್ದರೆ ಇನ್ವರ್ಟರಿಗೆ ಹಾಕೋ ಬ್ಯಾಟರಿ ನೀರಿನಲ್ಲಿ ಬ್ರಷ್ಷಿನ ತುದಿ ಅದ್ದಿ ತೇವ ಮಾಡಿ (ನೀರು ಕಣ್ರಪ್ಪಾ, ಬ್ಯಾಟರಿ ಆಸಿಡ್ ಅಲ್ಲ!). ನಲ್ಲಿ ನೀರು, ಬೋರಿನ ನೀರು ಬೇಡ, ನಮ್ಮ ಕಡೆ ಬೋರಿನ ನೀರಲ್ಲಿ ಉಪ್ಪಿಗೇನು ಬರ? ಮಣ್ಣು ಎಬ್ಬಿಸೋಕೆ ಸೂಜಿ, ಬ್ಲೇಡು ಬೇಡ, ಜಾಲಿ ಮುಳ್ಳು ಸಾಕು. ತಮಾಷೆ ಅಲ್ಲ, ಮುಳ್ಳು ಲೋಹಕ್ಕಿಂತ ಮೆತ್ತಗೆ, ಗೀರು ಬೀಳಲ್ಲ. ನಮ್ಮೂರಲ್ಲಿ ಜಾಲಿಗೂ ಬರ ಇಲ್ಲ. ಹಸಿರು ಪದರ ಕಂಡ ಕೂಡಲೇ ಕೈ ನಿಲ್ಲಿಸಿ.

ಆಮೇಲೆ ಒಂದೊಂದನ್ನೂ ಬೇರೆ ಬೇರೆ ಕಾಗದದ ಪೊಟ್ಟಣದಲ್ಲಿ, ಪೊಟ್ಟಣಗಳನ್ನ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಡಬ್ಬಿಯೊಳಗೆ ಹೊಸ ಬೂಟಿನ ಪೆಟ್ಟಿಗೆಯಲ್ಲಿ ಬರುತ್ತಲ್ಲ ಆ ಸಿಲಿಕಾ ಜೆಲ್. ಮೆತ್ತನೆ ಪ್ಲಾಸ್ಟಿಕ್ಕಿನ ಆಲ್ಬಮ್ ಬೇಡ, ಪಿವಿಸಿ ಕಾಲಕ್ರಮೇಣ ಆಮ್ಲ ಬಿಡುತ್ತೆ, ನಾಣ್ಯದ ಮೇಲೆ ಹಸಿರು ಲೋಳೆ ಕಟ್ಟುತ್ತೆ. ತಿಳಿಹಸಿರು ಪುಡಿ ಉದುರೋದನ್ನ ಬೇರೆ ಡಬ್ಬಿಯಲ್ಲಿ ಇಡಿ. ಸೀಸದ ಗುಂಡು ಸಿಕ್ಕರೆ ಅದರ ಮೇಲಿನ ಬಿಳಿ ಪುಡಿ ವಿಷ, ಊದಬೇಡಿ, ಕೈ ತೊಳೀರಿ, ಮಕ್ಕಳ ಕೈಗೆ ಕೊಡ್ಲೇಬೇಡಿ. ಇದಕ್ಕಿಂತ ಮುಂದಿನ ಕೆಲಸ, ಅಂದ್ರೆ ಕ್ಲೋರೈಡ್ ತೆಗೆಯೋದು, ಬೆಂಝೋಟ್ರೈಯಾಝೋಲ್ ಹಾಕೋದು, ಮೇಲೆ ಲೇಪ ಕೊಡೋದು, ಅದೆಲ್ಲ ತಿಳಿದವರದ್ದು. ಆ ರಾಸಾಯನಿಕಗಳೂ ಒಳ್ಳೆಯವಲ್ಲ. ಲಕ್ನೋದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಶಾಖೆ ಮೈಸೂರಿನಲ್ಲಿದೆ, ಈ ವಿದ್ಯೆ ಕಲಿತವರು ಅಲ್ಲಿದ್ದಾರೆ. ಅವರು ಕೂಡ ಒಂದು ನಾಣ್ಯಕ್ಕೆ ಮೈಕ್ರೋಸ್ಕೋಪಿನ ಕೆಳಗೆ ಗಂಟೆಗಟ್ಟಲೆ ಕೂರ್ತಾರೆ. ಐದು ನಿಮಿಷದಲ್ಲಿ ಮುಗಿಸೋರು ನಾವು ಮಾತ್ರ.

ಇದನ್ನೆಲ್ಲ ಅವತ್ತು ರಾತ್ರಿ ಮಾಳಿಗೆ ಮೇಲೆ ಕೂತು ಕಾಕಾನ ಮಗನಿಗೆ ಹೇಳಿದೆ. ಆ ಗುಂಡಿಯ ಕಥೆಯನ್ನೂ ಹೇಳಿದೆ. ಅವನಿಗೆ ಅದು ಗೊತ್ತಿರಲಿಲ್ಲ, ಮುತ್ಯಾ ಯಾರಿಗೂ ಹೇಳಿರಲಿಲ್ಲ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ "ಇನ್ನ ಎಂಟು ತೊಳಿಲಾರದವು ಅದಾವ ಅಣ್ಣ, ನಾಳಿ ಮಾಡೂಣಂತ ಇಟ್ಟಿದ್ದೆ" ಅಂದ. ಕೆಳಗೆ ಹೋಗಿ ಒಂದು ಹಳೆ ಕಾಲುಚೀಲ ತಂದ, ಅದರೊಳಗೆ ಎಂಟು ಮಣ್ಣುಗಟ್ಟಿದ ಬಿಲ್ಲೆ. ದೀಪ ಆರಿಸಿ ಮೊಬೈಲ್ ಟಾರ್ಚನ್ನ ಓರೆಯಾಗಿ ಹಿಡಿದೆವು. ಐದರ ಮೇಲೆ ಏನೂ ಕಾಣಲಿಲ್ಲ. ಆರನೆಯದರಲ್ಲಿ ಒಂದು ಸಾಲು ಫಾರ್ಸಿ ಬರಹ ನೆರಳಾಗಿ ಎದ್ದು ಬಂತು. ಇಬ್ಬರಿಗೂ ಫಾರ್ಸಿ ಬರಲ್ಲ.

ಫೋಟೋ ಇದೆ. ನಿಮ್ಮಲ್ಲಿ ಯಾರಿಗಾದರೂ ಫಾರ್ಸಿ ಓದೋಕೆ ಬಂದರೆ ತಿಳಿಸಿ, ಕಳಿಸ್ತೀನಿ. ನಾಣ್ಯ ಕಾಲುಚೀಲದಿಂದ ಡಬ್ಬಿಗೆ ಹೋಗಿದೆ, ಎಲ್ಲಿ ಸಿಕ್ತು ಅಂತ ಚೀಟಿ ಬರೆದಿಟ್ಟಿದ್ದಾನೆ. ಮಣ್ಣು ಹಾಗೇ ಇದೆ.